ಲೆಕ್ಕ ಕೇಳುವ ವಿದ್ಯೆ

ಮಡಕಶಿರಾ ಕಡೆಯ ಒಂದು ರೈತ ಕುಟುಂಬ ಎಂದಿಟ್ಟುಕೊಳ್ಳಿ. ಊರ ಪಕ್ಕದಲ್ಲಿ ಒಂದು ಹೊಲ, ಗಡಿಯಾಚೆ ಸಿರಾ ತಾಲ್ಲೂಕಿನಲ್ಲಿ ತಾಯಿಯ ತವರಿನಿಂದ ಬಂದ ಇನ್ನೊಂದು ಹೊಲ. ಈ ಸೀಮೆಯಲ್ಲಿ ಹೆಣ್ಣು ಕೊಡುವುದು, ತರುವುದು ಗಡಿ ನೋಡಿ ನಡೆಯುವುದಿಲ್ಲವಾದ್ದರಿಂದ ಇಂಥ ಕುಟುಂಬ ಅಪರೂಪವೇನಲ್ಲ. ಆಂಧ್ರದ ಪಾಸ್‌ಬುಕ್ಕಿನ ಪ್ರಕಾರ ಮೊದಲನೆಯ ಹೊಲ 2 ಎಕರೆ 35 ಸೆಂಟು. ಕರ್ನಾಟಕದ ಪಹಣಿಯ ಪ್ರಕಾರ ಎರಡನೆಯದು 2 ಎಕರೆ 16 ಗುಂಟೆ. ನಾಳೆ ಅಣ್ಣತಮ್ಮಂದಿರು ಪಾಲಿಗೆ ಕೂತರೆ ದೊಡ್ಡ ಹೊಲ ಯಾವುದು? ಕಣ್ಣು 35ರ ಕಡೆ ಹೋಗುತ್ತದೆ. ಆದರೆ ಎಕರೆಗೆ ಆ ಕಡೆ 100 ಸೆಂಟು, ಈ ಕಡೆ 40 ಗುಂಟೆ. ಒಂದು ಗುಂಟೆಗೆ ಎರಡೂವರೆ ಸೆಂಟು. 16 ಗುಂಟೆ ಎಂದರೆ 40 ಸೆಂಟು. ಸಿರಾ ಕಡೆಯ ಹೊಲವೇ 5 ಸೆಂಟು ಹೆಚ್ಚು.

ಇಷ್ಟೇ ಆಗಿದ್ದರೆ ಪ್ರಾಥಮಿಕ ಶಾಲೆಯ ತ್ರೈರಾಶಿ ಸಾಕಿತ್ತು, ಪ್ರೌಢಶಾಲೆಯವರೆಗೆ ಹೋಗಬೇಕಾಗಿರಲಿಲ್ಲ. ಪ್ರೌಢಶಾಲೆಯ ಗಣಿತ ಶುರುವಾಗುವುದು ಅದರ ಮುಂದಿನ ಪ್ರಶ್ನೆಯಿಂದ. ಎಕರೆ ಎರಡೂ ಕಡೆ ಒಂದೇ ಆಗಿರುವಾಗ ಅದನ್ನು ಒಬ್ಬರು ನೂರು ಮಾಡಿದ್ದು, ಇನ್ನೊಬ್ಬರು ನಲವತ್ತು ಮಾಡಿದ್ದು ಯಾಕೆ? 33 ಅಡಿ ಉದ್ದದ ಸರಪಳಿಯನ್ನು ನೆಲದ ಮೇಲೆ ಚೌಕವಾಗಿ ತಿರುಗಿಸಿದರೆ 1,089 ಚದರಡಿ ಸಿಗುತ್ತದೆ. ಅದು ಒಂದು ಗುಂಟೆ. ಅಂಥ 40 ಚೌಕ ಸೇರಿದರೆ 43,560 ಚದರಡಿ, ಅಂದರೆ ಒಂದು ಎಕರೆ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಈ ಸೀಮೆಗೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹೊಲಹೊಲವನ್ನೂ ಅಳೆಸಿದ್ದು ಇದೇ 33 ಅಡಿಯ ಸರಪಳಿಯಿಂದ. ಅದೇ ಎಕರೆಯನ್ನು ನೇರವಾಗಿ ನೂರು ಭಾಗ ಮಾಡಿದರೆ 435.6 ಚದರಡಿಯ ಸೆಂಟು. ಒಂದು ಅಳತೆ ಸರಪಳಿಯಿಂದ ಹುಟ್ಟಿತು, ಇನ್ನೊಂದು ದಶಮಾಂಶದಿಂದ. ಈ ಕಾರಣ ತಿಳಿದ ಹುಡುಗಿಗೆ ಎರಡೂವರೆ ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಮರೆತರೂ ಅವಳು ಅದನ್ನು ಮತ್ತೆ ಕಟ್ಟಿಕೊಳ್ಳಬಲ್ಲಳು, ಪಾಲಿಗೆ ಕೂತ ಹಿರಿಯರು ತಪ್ಪಿದರೆ ತಪ್ಪೆಂದು ತೋರಿಸಬಲ್ಲಳು.

ಹತ್ತನೇ ತರಗತಿಯವರೆಗೆ ಗಣಿತ ಕಲಿಸುವುದರಿಂದ ಏನು ಬಂತು ಎಂಬ ಪ್ರಶ್ನೆಗೆ ನಾನು ಕೊಡುವ ಉತ್ತರ ಇಲ್ಲಿಂದಲೇ ಹೊರಡುತ್ತದೆ. ಲೆಕ್ಕ ಮಾಡುವುದಕ್ಕೆ ಫೋನಿದೆ. ಇನ್ನೊಬ್ಬರು ಮಾಡಿದ ಲೆಕ್ಕವನ್ನು ಹಿಡಿದು ನಿಲ್ಲಿಸಿ, ಇದು ಹೇಗೆ ಬಂತು ಎಂದು ಕೇಳುವ ಶಕ್ತಿ ಮಾತ್ರ ಪ್ರೌಢಶಾಲೆಯ ಬೆಂಚಿನ ಮೇಲೆಯೇ ಬೆಳೆಯಬೇಕು. ರಾಯದುರ್ಗ, ಮಡಕಶಿರಾಗಳಂಥ ಒಣಭೂಮಿಯ ಗಡಿ ಊರುಗಳಿಗೆ ಅದರ ಬೆಲೆ ಹೆಚ್ಚು. ಇಲ್ಲಿ ನೆಲ, ನೀರು, ಕೂಲಿ, ಸಾಲ ಎಲ್ಲವೂ ಯಾರೋ ಬರೆದಿಟ್ಟ ಅಂಕಿಗಳ ಮೇಲೆ ನಿಂತಿವೆ. ಬರೆಯುವವರು ಸಾಮಾನ್ಯವಾಗಿ ಬೇರೆಯವರು.

ಈ ಎರಡು ಊರುಗಳ ಸ್ಥಿತಿಯನ್ನು ಗಡಿಯಿಂದ ದೂರದ ಓದುಗರಿಗೆ ಸ್ವಲ್ಪ ಹೇಳಬೇಕು. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು, ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ 1882ರಲ್ಲಿ ಅನಂತಪುರ ಜಿಲ್ಲೆ ಆದಾಗಿನಿಂದಲೂ ಅದರಲ್ಲೇ ಇದ್ದು, 2022ರ ಮರುವಿಂಗಡಣೆಯಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ನಕ್ಷೆ ನೋಡಿದರೆ ಮಡಕಶಿರಾ, ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರ ಮಂಡಲಗಳು ಕರ್ನಾಟಕದೊಳಕ್ಕೆ ಚಾಚಿಕೊಂಡಿವೆ. ಅತ್ತ ಕರ್ನಾಟಕದ ಪಾವಗಡ ಆಂಧ್ರದೊಳಗೆ ಸಿಕ್ಕಿಕೊಂಡಿದೆ. ರಾಯದುರ್ಗ, ಡಿ. ಹಿರೇಹಾಳ್, ಬೊಮ್ಮನಹಾಳ್ ಕಡೆ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಇಲ್ಲಿ ಇಂದಿಗೂ ಇವೆ. ಆಂಧ್ರದ ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆಯ ಗಣಿತ ಪತ್ರಿಕೆ ಕನ್ನಡದಲ್ಲೂ ಅಚ್ಚಾಗುತ್ತದೆ. ಆಮೇಲೆ ಬಹುಪಾಲು ಮಕ್ಕಳು ಕಲಿಕೆಯ ಭಾಷೆ ಬದಲಿಸಲೇಬೇಕು. ಇಂಟರ್‌ನಲ್ಲಿ ಎಂಪಿಸಿ (ಗಣಿತ, ಭೌತ, ರಸಾಯನಶಾಸ್ತ್ರ) ಸೇರಲಿ, ಪಾಲಿಟೆಕ್ನಿಕ್ ಸೇರಲಿ, ಇಡುಪುಲಪಾಯದ ಟ್ರಿಪಲ್ ಐಟಿಗೆ ಹೋಗಲಿ, ಬಳ್ಳಾರಿಯಲ್ಲಿ ಪಿಯುಸಿ ಮಾಡಲಿ, ಸಮಾಜ, ವಿಜ್ಞಾನಗಳ ಪಾರಿಭಾಷಿಕ ಪದಗಳನ್ನೆಲ್ಲ ಹೊಸದಾಗಿ ಕಲಿಯಬೇಕು. ವರ್ಗ ಸಮೀಕರಣ ಮಾತ್ರ ಹಾಗೆಯೇ ಇರುತ್ತದೆ. ಅದರ ಹೆಸರು ಬದಲಾಗಬಹುದು, ಬಿಡಿಸುವ ದಾರಿ ಬದಲಾಗುವುದಿಲ್ಲ. ಭಾಷೆ ಬದಲಿಸುವ ಮಗುವಿನ ಕೈಯಲ್ಲಿ ಅಲುಗಾಡದೆ ಉಳಿಯುವ ವಿಷಯ ಇದೊಂದೇ ಎಂದರೆ ಹೆಚ್ಚು ಹೇಳಿದಂತಾಗದು.

ಹೇಮಾವತಿಯ ಕೋಲು, ಮಹಾವೀರನ ಗುಂಡಿ

ಅಳತೆಯ ವಿಚಾರದಲ್ಲಿ ಎಚ್ಚರವಾಗಿರಬೇಕೆಂಬುದು ಈ ನೆಲಕ್ಕೆ ಹೊಸ ವಿಷಯವಲ್ಲ. ಅಮರಾಪುರ ಮಂಡಲದ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು, ನೊಳಂಬರ ರಾಜಧಾನಿ. ಅವರು ಆಳಿದ ನಾಡನ್ನು ಶಾಸನಗಳು ನೊಳಂಬವಾಡಿ 32000 ಎಂದು ಕರೆದವು. ಆ ಸಂಖ್ಯೆ ಹಳ್ಳಿಗಳದ್ದೋ, ಹುಟ್ಟುವಳಿಯದ್ದೋ ಎಂದು ಇತಿಹಾಸಕಾರರು ಈಗಲೂ ಚರ್ಚಿಸುತ್ತಾರೆ. ನಾಡಿನ ಹೆಸರಿಗೇ ಅಂಕಿ ಅಂಟಿತ್ತೆಂಬುದು ಮಾತ್ರ ಖಂಡಿತ. ಆ ಕಾಲದ ಕನ್ನಡ ದಾನಶಾಸನಗಳಲ್ಲಿ ಇಷ್ಟು ಮತ್ತರು ಭೂಮಿ ಎಂದು ಬರೆಯುವಾಗ ಯಾವ ಕೋಲಿನಿಂದ ಅಳೆದದ್ದು ಎಂದೂ ಎಷ್ಟೋ ಕಡೆ ಬರೆಯುತ್ತಿದ್ದರು. ಊರಿಗೊಂದು ಕೋಲು ಇದ್ದ ಕಾಲದಲ್ಲಿ ಕೋಲಿನ ಹೆಸರಿಲ್ಲದ ಅಳತೆಗೆ ಅರ್ಥವೇ ಇರಲಿಲ್ಲ. ಮಾನ ಹೇಳದೆ ಉತ್ತರ ಬರೆದರೆ ಅಂಕ ಕತ್ತರಿಸುವ ಇಂದಿನ ಮೇಷ್ಟ್ರು ಕೇಳುವುದೂ ಇದನ್ನೇ.

ಅದೇ ನೊಳಂಬರ ಕಾಲದಲ್ಲಿ, ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ವಿದ್ವಾಂಸ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಖಗೋಳಶಾಸ್ತ್ರಕ್ಕೆ ಬಾಲಂಗೋಚಿಯಾಗಿ ಬರುತ್ತಿದ್ದ ಗಣಿತವನ್ನು ಬಿಡಿಸಿ, ಗಣಿತಕ್ಕಾಗಿಯೇ ಒಂದು ಪೂರ್ಣ ಗ್ರಂಥ ಬರೆದವನು ಅವನು. ಆರಂಭದಲ್ಲೇ ಗಣಿತ ಎಲ್ಲೆಲ್ಲಿ ಬೇಕಾಗುತ್ತದೆ ಎಂದು ಉದ್ದಕ್ಕೆ ಹೇಳುತ್ತಾನೆ: ವ್ಯಾಪಾರ, ಅಡುಗೆ, ವೈದ್ಯ, ಸಂಗೀತ, ಛಂದಸ್ಸು, ಕಟ್ಟಡ, ಗ್ರಹಗಳ ಚಲನೆ. ಚರಾಚರ ಜಗತ್ತಿನಲ್ಲಿ ಅದಿಲ್ಲದೆ ನಡೆಯುವುದು ಏನೂ ಇಲ್ಲವೆಂಬುದು ಅವನ ನಿಲುವು. ಈ ಗ್ರಂಥವನ್ನು ಪಾವುಲೂರಿ ಮಲ್ಲನ ತೆಲುಗಿಗೆ ತಂದ. ಕನ್ನಡದಲ್ಲಿ 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಬರೆದ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವ ಮಡಕಶಿರಾದ ಮಗುವಿಗೆ ಈ ಎರಡೂ ಕವಲು ತನ್ನವೇ ಎಂದು ಯಾರಾದರೂ ಹೇಳಬೇಕು. ಪಠ್ಯಪುಸ್ತಕ ಹೇಳದಿದ್ದರೆ ಮೇಷ್ಟ್ರಾದರೂ ಹೇಳಬೇಕು.

ಮಹಾವೀರನ ಒಂಬತ್ತು ಅಧ್ಯಾಯಗಳಲ್ಲಿ ಎಂಟನೆಯದು ಖಾತವ್ಯವಹಾರ, ಅಂದರೆ ಅಗೆತದ ಲೆಕ್ಕ. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅನಂತಪುರ ಸೀಮೆಗೆ ಇದಕ್ಕಿಂತ ಹತ್ತಿರವಾದ ಅಧ್ಯಾಯ ಇನ್ನೊಂದಿಲ್ಲ.

ದೇಶದ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಗೆ 2006ರ ಫೆಬ್ರವರಿ 2ರಂದು ಚಾಲನೆ ಸಿಕ್ಕಿದ್ದು ಇದೇ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಉಪಾಧಿ ಹಾಮಿ ಎಂದು ಇಲ್ಲಿ ಕರೆಯುವ ಆ ಕೆಲಸದಲ್ಲಿ ಹೆಚ್ಚಿನದು ಮಣ್ಣಿನ ಕೆಲಸ: ಹೊಂಡ, ಕಾಲುವೆ, ಕೆರೆಯ ಹೂಳು. ಅಗೆದ ಮಣ್ಣನ್ನು ಘನಮೀಟರಿನಲ್ಲಿ ಅಳೆದು ಎಂ.ಬಿ. ಎಂಬ ಅಳತೆ ಪುಸ್ತಕಕ್ಕೆ ಏರಿಸಿ, ಅದರ ಮೇಲೆ ಕೂಲಿ ಕಟ್ಟುವುದು ಪದ್ಧತಿ. ಪೆಟ್ಟಿಗೆಯಂತೆ ನೇರ ಗೋಡೆಯ ಗುಂಡಿಯಾದರೆ ಉದ್ದ, ಅಗಲ, ಆಳ ಗುಣಿಸಿದರಾಯಿತು. ಕೃಷಿ ಹೊಂಡ ಹಾಗಿರುವುದಿಲ್ಲ. ಗೋಡೆ ಕುಸಿಯದಿರಲು ಅಂಚನ್ನು ಇಳಿಜಾರಾಗಿ ತೆಗೆಯುತ್ತಾರೆ.

ಒಂದು ಹೊಂಡ ತೆಗೆದುಕೊಳ್ಳೋಣ. ಮೇಲೆ 10 ಮೀಟರ್ ಚೌಕ, ತಳದಲ್ಲಿ 4 ಮೀಟರ್ ಚೌಕ, ಆಳ 3 ಮೀಟರ್. ಎಷ್ಟು ಮಣ್ಣು ತೆಗೆದಂತಾಯಿತು? ಒಬ್ಬರು, ಮೇಲಿನ ಮತ್ತು ತಳದ ಅಳತೆಗಳ ಸರಾಸರಿ 7 ಮೀಟರ್, 7 ಗುಣಿಸು 7 ಗುಣಿಸು 3, ಒಟ್ಟು 147 ಘನಮೀಟರ್ ಎನ್ನುತ್ತಾರೆ. ಇನ್ನೊಬ್ಬರು, ಮೇಲಿನ ವಿಸ್ತೀರ್ಣ 100, ತಳದ್ದು 16, ಸರಾಸರಿ 58, ಅದನ್ನು 3ರಿಂದ ಗುಣಿಸಿದರೆ 174 ಎನ್ನುತ್ತಾರೆ. ಇಬ್ಬರದ್ದೂ ಸರಾಸರಿಯೇ. ಆದರೂ ನಡುವೆ 27 ಘನಮೀಟರ್ ವ್ಯತ್ಯಾಸ. ದೊಡ್ಡ ದನಿಯವರ ಲೆಕ್ಕ ಎಂ.ಬಿ.ಗೆ ಹೋಗುತ್ತದೆ.

ಮಹಾವೀರನಿಗೆ ಈ ಎರಡೂ ದಾರಿ ಗೊತ್ತಿತ್ತು. ಮೊದಲನೆಯದನ್ನು ಕರ್ಮಾಂತಿಕವೆಂದೂ ಎರಡನೆಯದನ್ನು ಔಂಡ್ರವೆಂದೂ ಹೆಸರಿಸಿ, ಎರಡೂ ಸರಿಯಲ್ಲವೆಂದು ಹೇಳಿ, ಸೂಕ್ಷ್ಮಫಲಕ್ಕೆ ದಾರಿ ಕೊಡುತ್ತಾನೆ: ಎರಡರ ವ್ಯತ್ಯಾಸದಲ್ಲಿ ಮೂರನೇ ಒಂದು ಭಾಗವನ್ನು ಕರ್ಮಾಂತಿಕಕ್ಕೆ ಕೂಡು. 27ರಲ್ಲಿ ಮೂರನೇ ಒಂದು 9. ಅದನ್ನು 147ಕ್ಕೆ ಕೂಡಿದರೆ 156. ಬ್ರಹ್ಮಗುಪ್ತ ಕೂಡ ಅವನಿಗಿಂತ ಎರಡು ಶತಮಾನ ಮೊದಲು ಇದೇ ಕ್ರಮ ಹೇಳಿದ್ದ.

156 ಯಾಕೆ ಸರಿ? ಒಂಬತ್ತನೇ ತರಗತಿಯ ಗಣಿತ ಬಲ್ಲ ಯಾವ ಮಗುವೂ ಹೊಂಡವನ್ನು ತುಂಡು ಮಾಡಿ ನೋಡಬಹುದು. ನಡುವೆ 4 ಮೀಟರ್ ಚೌಕದ, 3 ಮೀಟರ್ ಆಳದ ಪೆಟ್ಟಿಗೆ: 48 ಘನಮೀಟರ್. ನಾಲ್ಕೂ ಪಕ್ಕದಲ್ಲಿ ಇಳಿಜಾರಿನ ತುಂಡುಗಳು. ಒಂದೊಂದರ ಅಡ್ಡಕೊಯ್ತ 3 ಮೀಟರ್ ಅಗಲ, 3 ಮೀಟರ್ ಎತ್ತರದ ತ್ರಿಭುಜ, ಉದ್ದ 4 ಮೀಟರ್, ಹಾಗಾಗಿ ತಲಾ 18, ಒಟ್ಟು 72. ಉಳಿದದ್ದು ನಾಲ್ಕು ಮೂಲೆ. ಪ್ರತಿ ಮೂಲೆಯದ್ದೂ ತಲೆಕೆಳಗಾದ ಪಿರಮಿಡ್ಡು, 3 ಮೀಟರಿನ ಘನದೊಳಗೆ ಕೂರುವಂಥದ್ದು. ಪಿರಮಿಡ್ಡಿನ ಘನಫಲ ಅದೇ ಪಾದ, ಅದೇ ಎತ್ತರದ ಪೆಟ್ಟಿಗೆಯ ಮೂರನೇ ಒಂದು ಭಾಗ. 27ರಲ್ಲಿ ಮೂರನೇ ಒಂದು, ಅಂದರೆ 9. ನಾಲ್ಕು ಮೂಲೆಗೆ 36. 48, 72, 36 ಕೂಡಿದರೆ 156. ಈಗ ಆ ಇಬ್ಬರ ತಪ್ಪು ಎಲ್ಲಿದೆ ಎಂಬುದೂ ಬೆಳಕಿಗೆ ಬರುತ್ತದೆ. 147 ಎಂದವರು ಮೂಲೆಯ ಘನದಲ್ಲಿ ಕಾಲುಭಾಗ ಮಾತ್ರ ಅಗೆದಿದ್ದಾರೆಂದು ಲೆಕ್ಕ ಹಾಕಿದರು. 174 ಎಂದವರು ಅರ್ಧ ಅಗೆದಿದ್ದಾರೆಂದರು. ನಿಜವಾಗಿ ಅಗೆದದ್ದು ಮೂರನೇ ಒಂದು. ಪೆಟ್ಟಿಗೆಯಲ್ಲಿ, ಪಕ್ಕದ ತುಂಡುಗಳಲ್ಲಿ ಜಗಳವೇ ಇಲ್ಲ, ಇರುವುದೆಲ್ಲ ನಾಲ್ಕು ಮೂಲೆಗಳಲ್ಲಿ.

147 ಎಂದು ಬರೆದರೆ ಬಿಸಿಲಲ್ಲಿ ಗುದ್ದಲಿ ಹಿಡಿದವರಿಗೆ 9 ಘನಮೀಟರಿನ ಕೂಲಿ ಹೋಯಿತು. 174 ಎಂದು ಬರೆದರೆ ತೆಗೆಯದ 18 ಘನಮೀಟರ್ ಮಣ್ಣಿಗೆ ಸರ್ಕಾರದ ಹಣ ಹೋಯಿತು. ಹೊಂಡ ತುಂಬಿದರೆ 1,56,000 ಲೀಟರ್ ನೀರು ನಿಲ್ಲುತ್ತದೆ. 174ರ ಲೆಕ್ಕ ನಂಬಿ ಬೆಳೆ ಇಟ್ಟ ರೈತನಿಗೆ 18,000 ಲೀಟರ್ ಕಡಿಮೆ ಬೀಳುತ್ತದೆ. ಪಿರಮಿಡ್ಡಿನ ಘನಫಲವನ್ನು ಯಾವ ಜನ್ಮಕ್ಕೆ ಕಲಿಯಬೇಕು ಎಂದು ಕೇಳುವವರಿಗೆ ನಾನು ಈ ಹೊಂಡವನ್ನು ತೋರಿಸುತ್ತೇನೆ.

ಹದಿನೈದು ಎಂದರೆ ಇಪ್ಪತ್ತೊಂಬತ್ತು

ಹತ್ತನೇ ತರಗತಿಯ ಪುಸ್ತಕದ ಇನ್ನೊಂದು ಅಧ್ಯಾಯ ಸಮಾಂತರ ಶ್ರೇಢಿಯದ್ದು. ಮೊದಲ ಪದ, ಕೊನೆಯ ಪದ ಕೂಡಿ, ಪದಗಳ ಸಂಖ್ಯೆಯಿಂದ ಗುಣಿಸಿ, ಅರ್ಧ ಮಾಡಿದರೆ ಮೊತ್ತ. ಎಲ್ಲರೂ ಪರೀಕ್ಷೆಯಲ್ಲಿ ಬರೆದು ಮರೆತಿರುತ್ತಾರೆ. ಇದು ನಿಜವಾಗಿ ಬೇಕಾಗುವ ಜಾಗ ವಾರದ ಕಂತು ಕಟ್ಟುವ ಮಹಿಳೆಯರ ಗುಂಪು.

10,000 ರೂಪಾಯಿ ಸಾಲ. ಬಡ್ಡಿ ನೂರಕ್ಕೆ 15 ಎಂದು ಹೇಳುತ್ತಾರೆ, ಅದರಂತೆ 1,500 ಸೇರಿಸಿ 11,500 ಮಾಡುತ್ತಾರೆ. 50 ವಾರ, ವಾರಕ್ಕೆ 230 ರೂಪಾಯಿ. ಕೇಳಲು ಸಲೀಸಾಗಿದೆ. ಊರಿನ ಬಡ್ಡಿಯವರು ನೂರಕ್ಕೆ ತಿಂಗಳಿಗೆ 2 ರೂಪಾಯಿ ಕೇಳುತ್ತಾರೆ, ಅದು ವರ್ಷಕ್ಕೆ 24. ಅದಕ್ಕಿಂತ 15 ಎಷ್ಟೋ ವಾಸಿ ಅನ್ನಿಸುತ್ತದೆ. ಆದರೆ ಆ ಹತ್ತು ಸಾವಿರ ಇಡೀ ವರ್ಷ ನಮ್ಮ ಕೈಯಲ್ಲಿ ಇತ್ತೇ? ಪ್ರತಿ ವಾರ ಕಟ್ಟುವ 230ರಲ್ಲಿ 200 ಅಸಲು. ಮೊದಲ ವಾರ ನಮ್ಮ ಬಳಿ ಇದ್ದ ಅಸಲು 10,000, ಎರಡನೇ ವಾರ 9,800, ಮೂರನೇ ವಾರ 9,600, ಹೀಗೆ ಇಳಿಯುತ್ತ ಐವತ್ತನೇ ವಾರ 200. ಇದು ಸಮಾಂತರ ಶ್ರೇಢಿ. ಮೊತ್ತ: 10,000ಕ್ಕೆ 200 ಕೂಡಿ, 50ರಿಂದ ಗುಣಿಸಿ, ಅರ್ಧ ಮಾಡಿದರೆ 2,55,000. ಅದನ್ನು 50 ವಾರಗಳಿಗೆ ಹಂಚಿದರೆ ವಾರಕ್ಕೆ 5,100. ಅಂದರೆ ಸರಾಸರಿಯಲ್ಲಿ ನಾವು ಬಳಸಿದ್ದು 5,100 ರೂಪಾಯಿ, ಬಡ್ಡಿ ಕೊಟ್ಟದ್ದು 1,500. ನೂರಕ್ಕೆ 29ಕ್ಕಿಂತ ಸ್ವಲ್ಪ ಹೆಚ್ಚು. 15 ಎಂದು ಕೇಳಿದ್ದು ಹತ್ತಿರಹತ್ತಿರ ಎರಡರಷ್ಟಾಯಿತು, ಊರಿನ 2 ರೂಪಾಯಿ ಬಡ್ಡಿಯನ್ನೂ ಮೀರಿತು.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. 15 ಎಂದದ್ದು 15ರ ಪ್ರಕಾರವೇ ಇದೆ. ಯಾವುದರ ಮೇಲೆ 15 ಎಂಬುದನ್ನು ಕೇಳುವವರು ಇರಲಿಲ್ಲ, ಅಷ್ಟೆ. ಸಣ್ಣ ಸಾಲದ ಒತ್ತಡ ಆಂಧ್ರದಲ್ಲಿ ಎಷ್ಟು ಬಿಗಿಯಾಯಿತೆಂದರೆ 2010ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಮೈಕ್ರೋಫೈನಾನ್ಸ್ ಸಂಸ್ಥೆಗಳನ್ನು ಹತೋಟಿಗೆ ತರಲು ಸುಗ್ರೀವಾಜ್ಞೆ ತರಬೇಕಾಯಿತು. 2025ರಲ್ಲಿ ಕರ್ನಾಟಕವೂ ಸಾಲ ವಸೂಲಿಯ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು. ಕಾನೂನು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡ್ವಾಕ್ರಾ ಮಹಿಳಾ ಸಂಘದ ಸಭೆಯಲ್ಲಿ ಹೆಬ್ಬೆಟ್ಟು ಒತ್ತುವ ಅಮ್ಮನ ಪಕ್ಕದಲ್ಲಿ ಹತ್ತನೇ ತರಗತಿಯ ಮಗಳು ಒಂದು ಹಾಳೆ ಹಿಡಿದು ಕೂತಿದ್ದರೆ ಸಿಗುವ ರಕ್ಷಣೆ ಬೇರೆಯದೇ ಬಗೆಯದು. ಅದು ಸಹಿ ಬೀಳುವ ಮೊದಲೇ ಸಿಗುತ್ತದೆ.

ಕಸುಬುಗಳಲ್ಲೂ ಇದೇ ಕಥೆ. ಮಡಕಶಿರಾ ಕಡೆ ಹಿಪ್ಪುನೇರಳೆ ಬೆಳೆದು ಹಿಂದೂಪುರದ ಮಾರುಕಟ್ಟೆಗೆ ಗೂಡು ಒಯ್ಯುವವರು ರೀಲರ್‌ಗಳ ಬಾಯಲ್ಲಿ ರೆಂಡಿಟ್ಟಾ ಎಂಬ ಮಾತು ಕೇಳಿರುತ್ತಾರೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕು ಎಂಬುದರ ಲೆಕ್ಕ ಅದು. 8 ಕಿಲೋ ಬೇಕಾಗುವ ಗೂಡಿಗೆ ಕಿಲೋಗೆ 500 ರೂಪಾಯಿ ಕೊಡುವ ರೀಲರ್‌ಗೆ ಒಂದು ಕಿಲೋ ರೇಷ್ಮೆಯ ಗೂಡಿನ ಖರ್ಚು 4,000. ಅದೇ ಖರ್ಚಿನಲ್ಲಿ, 7 ಕಿಲೋ ಸಾಕಾಗುವ ಒಳ್ಳೆಯ ಗೂಡಿಗೆ ಅವನು 571 ರೂಪಾಯಿಯವರೆಗೂ ಕೊಡಬಲ್ಲ. ವಿಲೋಮಾನುಪಾತ ಬಲ್ಲ ಬೆಳೆಗಾರ ಹರಾಜಿನಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿದಿರುತ್ತಾನೆ. ರಾಯದುರ್ಗದ ಜೀನ್ಸ್ ಹೊಲಿಗೆ ಮನೆಗಳಲ್ಲಿ ಒಂದು ಥಾನಿನಲ್ಲಿ ಎಷ್ಟು ಪ್ಯಾಂಟು ಬರುತ್ತವೆ, ಕತ್ತರಿಸಿದ ಮೇಲೆ ಎಷ್ಟು ಚಿಂದಿ ಉಳಿಯುತ್ತದೆ ಎಂಬುದು ವಿಸ್ತೀರ್ಣದ ಲೆಕ್ಕವೇ.

ಮಳೆಯ ವಿಷಯಕ್ಕೆ ಬಂದರೆ, ಅನಂತಪುರ ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ 550 ಮಿಲಿಮೀಟರಿನ ಆಸುಪಾಸು ಎಂದು ಎಲ್ಲರೂ ಹೇಳುತ್ತಾರೆ. ಉದಾಹರಣೆಗೆ ಐದು ವರ್ಷ 300, 800, 350, 850, 450 ಬಿತ್ತು ಎನ್ನೋಣ. ಸರಾಸರಿ 550 ಸರಿಯಾಗಿಯೇ ಬರುತ್ತದೆ. ಆದರೆ ಯಾವ ವರ್ಷವೂ 550ರ ಹತ್ತಿರ ಇಲ್ಲ, ಏರಿಕೆಯ ಕ್ರಮದಲ್ಲಿಟ್ಟರೆ ನಡುವಿನ ಬೆಲೆ 450. ಐದರಲ್ಲಿ ಮೂರು ವರ್ಷ ಶೇಂಗಾ ಬೆಳೆಗಾರ ಸರಾಸರಿಗಿಂತ ಬಹಳ ಕೆಳಗೇ ಇದ್ದ. ಮಧ್ಯಾಂಕ ಎಂಬ ಪಾಠ ಇರುವುದೇ ಇದಕ್ಕೆ. ಸರಾಸರಿ ಮಳೆಯಾಗಿದೆ ಎಂಬ ವರದಿ ಓದಿದ ಮೇಲೆ, ಅದು ಎಷ್ಟು ದಿನಗಳಲ್ಲಿ ಬಿತ್ತು, ಹೂ ಬಿಡುವ ಹೊತ್ತಿಗೆ ಬಿತ್ತೇ ಎಂದು ಕೇಳಬೇಕೆನ್ನಿಸುವುದು ಅಂಕಿಅಂಶದ ಪಾಠವನ್ನು ಅರ್ಥಮಾಡಿಕೊಂಡವರಿಗೆ.

ಯಾಕೆ ಎಂಬುದರ ಜಾಗ

ಇಲ್ಲಿಯವರೆಗೆ ಹೇಳಿದ್ದೆಲ್ಲ ಉಪಯೋಗದ ಮಾತು. ಉಪಯೋಗದ ಮಾತಿಗೆ ಒಂದು ಮಿತಿಯಿದೆ, ಅದನ್ನು ಒಪ್ಪಬೇಕು. ಹತ್ತನೇ ತರಗತಿಯ ಪುಸ್ತಕದಲ್ಲಿರುವ ಎಲ್ಲವೂ ಹೊಲದಲ್ಲಿ, ಅಂಗಡಿಯಲ್ಲಿ ಸಿಗುವುದಿಲ್ಲ. ವರ್ಗಮೂಲ ಎರಡು ಅಭಾಗಲಬ್ಧ ಎಂದು ಸಾಧಿಸಿದ್ದರಿಂದ ಯಾರ ಬೆಳೆಯೂ ಹೆಚ್ಚಲಿಲ್ಲ. ಹಾಗಾದರೆ ಅದನ್ನು ಬಿಡಬಹುದೇ?

ಮನೆಯ ಪಾಯ ಹಾಕುವ ಮೇಸ್ತ್ರಿ ಮೂಲೆಮಟ್ಟ ನೋಡಲು ಒಂದು ಪಕ್ಕಕ್ಕೆ 3 ಅಡಿ, ಇನ್ನೊಂದು ಪಕ್ಕಕ್ಕೆ 4 ಅಡಿ ಗುರುತು ಹಾಕಿ, ನಡುವಿನ ದೂರ 5 ಅಡಿ ಬರುವವರೆಗೆ ದಾರ ಸರಿಸುತ್ತಾರೆ. ಅವರ ಕೈ ಎಂದೂ ತಪ್ಪುವುದಿಲ್ಲ. ಆದರೆ 3, 4, 5 ಬಿಟ್ಟು ಬೇರೆ ಸಂಖ್ಯೆಗಳೂ ಇವೆಯೇ, ಯಾವುವು, ಯಾಕೆ ಎಂದು ಕೇಳಿದರೆ ಅವರ ಗುರು ಹೇಳಿಕೊಟ್ಟಷ್ಟೇ ಅವರಿಗೆ ಗೊತ್ತು. ಅವರು ಬಳಸುವುದು ಪೈಥಾಗೊರಸ್ ಪ್ರಮೇಯದ ವಿಲೋಮವನ್ನು: ಎರಡು ಬಾಹುಗಳ ವರ್ಗಗಳ ಮೊತ್ತ ಮೂರನೆಯದರ ವರ್ಗಕ್ಕೆ ಸಮವಾದರೆ ನಡುವಿನ ಕೋನ ಲಂಬಕೋನವೇ. ಹತ್ತನೇ ತರಗತಿಯ ಹುಡುಗ ಇದನ್ನು ಸಾಧಿಸುತ್ತಾನೆ. ಒಮ್ಮೆ ಸಾಧಿಸಿದ ಮೇಲೆ ಅದು ಮೇಸ್ತ್ರಿಯ ಮಾತಲ್ಲ, ಮೇಷ್ಟ್ರ ಮಾತೂ ಅಲ್ಲ, ಪುಸ್ತಕದ ಮಾತೂ ಅಲ್ಲ. ಅವನದ್ದು.

ಇತಿಹಾಸದಲ್ಲಿ ಇಸವಿ ತಪ್ಪೆಂದು ಅನುಮಾನ ಬಂದರೆ ಮಗು ಇನ್ನೊಂದು ಪುಸ್ತಕ ನೋಡಬೇಕು. ವಿಜ್ಞಾನದಲ್ಲಿ ಪ್ರಯೋಗಾಲಯ ಬೇಕು, ಅದು ಎಷ್ಟೋ ಶಾಲೆಗಳಲ್ಲಿ ಬೀಗ ಹಾಕಿರುತ್ತದೆ. ಗಣಿತದಲ್ಲಿ ಮಾತ್ರ ಹದಿನೈದು ವರ್ಷದ ಮಗು ಯಾವ ಸಲಕರಣೆಯೂ ಇಲ್ಲದೆ, ಬರೀ ಕಾರಣದಿಂದ, ಸರಿ ತಪ್ಪು ತೀರ್ಮಾನಿಸಬಹುದು. ಕರಿಹಲಗೆಯ ಮೇಲಿನ ಮೂರನೇ ಸಾಲು ಎರಡನೇ ಸಾಲಿನಿಂದ ಬರುವುದಿಲ್ಲ ಸಾರ್ ಎಂದು ಹಿಂದಿನ ಬೆಂಚಿನ ಹುಡುಗಿ ಎದ್ದು ಹೇಳಿದರೆ ಮೇಷ್ಟ್ರು ಒಪ್ಪಲೇಬೇಕು. ಜಾತಿ, ಹಣ, ವಯಸ್ಸು, ಭಾಷೆ ಯಾವುದೂ ಆ ಕ್ಷಣದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹಳ್ಳಿಯ ಮಗುವಿಗೆ ಹೀಗೆ ಗೆಲ್ಲುವ ಜಾಗ ಬೇರೆಲ್ಲಿ ಸಿಗುತ್ತದೆ ಎಂದು ನಾನು ಬಹಳ ಯೋಚಿಸಿದ್ದೇನೆ, ಸಿಕ್ಕಿಲ್ಲ. ವರ್ಗಮೂಲ ಎರಡರ ಸಾಧನೆ ಈ ಅಭ್ಯಾಸದ ಒಳ್ಳೆಯ ಮಾದರಿ. ಅದು ಭಿನ್ನರಾಶಿ ಎಂದು ಒಪ್ಪಿ, ಅತಿ ಸಂಕ್ಷಿಪ್ತ ರೂಪಕ್ಕೆ ತಂದು, ಮುಂದೆ ನಡೆದರೆ ಅಂಶ, ಛೇದ ಎರಡೂ ಸಮಸಂಖ್ಯೆಗಳಾಗಿಬಿಡುತ್ತವೆ. ಸಂಕ್ಷಿಪ್ತ ಎಂದು ಒಪ್ಪಿದ್ದೇ ಸುಳ್ಳಾಗುತ್ತದೆ. ಎದುರಾಳಿಯ ಮಾತನ್ನು ಪೂರ್ತಿ ಒಪ್ಪಿಕೊಂಡು, ಅದೇ ದಾರಿಯಲ್ಲಿ ನಡೆದು, ಅದು ಎಲ್ಲಿ ಮುರಿಯುತ್ತದೆ ಎಂದು ತೋರಿಸುವ ಈ ಕ್ರಮವನ್ನು ಕಲಿತ ಮನಸ್ಸು ಗ್ರಾಮಸಭೆಯಲ್ಲೂ ಹಾಗೆಯೇ ಯೋಚಿಸಬಲ್ಲದು.

ತ್ರಿಕೋನಮಿತಿಗೆ ಅನಂತಪುರ ಜಿಲ್ಲೆಯಲ್ಲಿ ದೊಡ್ಡ ಚರಿತ್ರೆಯೇ ಇದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿ, 1804ರಲ್ಲಿ ಬೆಂಗಳೂರಿನಲ್ಲಿ ಆಧಾರರೇಖೆ ಅಳೆದ ಮೋಜಣಿ, 1811ರಲ್ಲಿ ಗುತ್ತಿಯಲ್ಲಿ ಇನ್ನೊಂದು ಆಧಾರರೇಖೆ ಅಳೆಯಿತು. ಒಂದು ರೇಖೆಯನ್ನು ನೆಲದ ಮೇಲೆ ಸರಪಳಿಯಿಂದ ಅಳೆದು, ಉಳಿದದ್ದನ್ನೆಲ್ಲ ಬೆಟ್ಟದಿಂದ ಬೆಟ್ಟಕ್ಕೆ ಕೋನ ನೋಡಿ ಲೆಕ್ಕ ಹಾಕಿದ ಆ ಕೆಲಸವೇ ಮುಂದೆ ಹಿಮಾಲಯದವರೆಗೆ ಹೋಯಿತು. ರಾಯದುರ್ಗದ ಮಕ್ಕಳ ಕಣ್ಣೆದುರೇ ಕೋಟೆಯ ಬೆಟ್ಟ ನಿಂತಿದೆ. ಕೋನಮಾಪಕ, ದಾರ, ಒಂದು ಕಲ್ಲು ಇದ್ದರೆ ಎರಡು ಕಡೆಯಿಂದ ಕೋನ ನೋಡಿ ಅದರ ಎತ್ತರ ತೆಗೆಯಬಹುದು. ಸುಮಾರು 207 ಕಿ.ಮೀ. ಉದ್ದದ ತುಮಕೂರು–ರಾಯದುರ್ಗ ರೈಲು ಮಾರ್ಗ ಮಧುಗಿರಿ, ಪಾವಗಡ, ಕಲ್ಯಾಣದುರ್ಗಗಳ ಮೇಲೆ ಹಾಯುವಂತೆ ರೂಪುಗೊಂಡಿದೆ. ಬಂಡೆಬೆಟ್ಟಗಳ ಈ ಸೀಮೆಯಲ್ಲಿ ಹಳಿಯ ಏರು ನೂರಕ್ಕೆ ಒಂದೋ, ನೂರೈವತ್ತಕ್ಕೆ ಒಂದೋ ಎಂದು ಎಂಜಿನಿಯರು ನಿಶ್ಚಯಿಸುವಾಗ ಬಳಸುವುದು ಇದೇ ತ್ರಿಕೋನಮಿತಿಯ ಸ್ಪರ್ಶಕವನ್ನು (tan).

ಇಷ್ಟೆಲ್ಲ ಇದ್ದೂ ಗಣಿತವೆಂದರೆ ಹೆದರುವ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ, ಅದು ಅವರ ತಪ್ಪಲ್ಲ. 1964–66ರ ಕೊಠಾರಿ ಆಯೋಗ ಹತ್ತು ವರ್ಷಗಳ ಶಿಕ್ಷಣದಲ್ಲಿ ಗಣಿತ, ವಿಜ್ಞಾನ ಎಲ್ಲರಿಗೂ ಕಡ್ಡಾಯವಾಗಲಿ ಎಂದಿತು. ಎಲ್ಲರಿಗೂ ಎಂದದ್ದು ಎಲ್ಲರೂ ಯೋಚಿಸಲು ಕಲಿಯಲಿ ಎಂದು. ನಡೆದದ್ದು ಬೇರೆ. ಗಣಿತವನ್ನು ಮಕ್ಕಳನ್ನು ಸೋಸುವ ಜರಡಿಯಾಗಿ ಬಳಸಿದೆವು: ಮೇಲೆ ಉಳಿದವರಿಗೆ ಎಂಪಿಸಿ, ಬಿದ್ದವರಿಗೆ ಇನ್ನೇನೋ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಆರ್. ರಾಮಾನುಜಂ ಅಧ್ಯಕ್ಷತೆಯ ಗುಂಪು ಸಿದ್ಧಪಡಿಸಿದ ಗಣಿತ ಬೋಧನೆಯ ಪತ್ರ ಈ ಭಯವನ್ನೇ ಮೊದಲ ಸಮಸ್ಯೆಯಾಗಿ ಎತ್ತಿಕೊಂಡಿತು. ಸೂತ್ರಗಳನ್ನು ತುಂಬುವುದಕ್ಕಿಂತ ಗಣಿತದ ರೀತಿಯಲ್ಲಿ ಯೋಚಿಸಲು ಕಲಿಸುವುದೇ ಗುರಿ ಎಂದಿತು. ಇಪ್ಪತ್ತು ವರ್ಷ ಕಳೆದರೂ ಹಳ್ಳಿಯ ಶಾಲೆಗಳಲ್ಲಿ ಹತ್ತನೇ ತರಗತಿ ಎಂದರೆ 35 ಅಂಕ ದಾಟಿಸುವ ಓಟವೇ ಆಗಿದೆ. ಪ್ರಶ್ನೆ ಬರುವ ಅಧ್ಯಾಯ ಆರಿಸಿ, ಹೆಜ್ಜೆಗಳನ್ನು ಬಾಯಿಪಾಠ ಮಾಡಿಸುವ ಮೇಷ್ಟ್ರನ್ನು ನಾನು ದೂರುವುದಿಲ್ಲ. ಅವರ ಮೇಲಿನ ಫಲಿತಾಂಶದ ಒತ್ತಡ ಅಂಥದ್ದು. ಆದರೆ ಬಾಯಿಪಾಠ ಮಾಡಿದ ಸಾಧನೆ ಸಾಧನೆಯಲ್ಲ. ಅದರಿಂದ ಮಗು ಕಲಿಯುವುದು, ಕಾರಣ ಕೇಳದೆ ಒಪ್ಪುವುದನ್ನು.

ಗಡಿಯ ಕನ್ನಡ ಶಾಲೆಗಳಲ್ಲಿ ತೊಂದರೆ ಇನ್ನೂ ಒಂದು ಪದರ ಹೆಚ್ಚು. ಕಾರಣವನ್ನು ಮಾತಿನಲ್ಲಿ ಹೇಳಬೇಕು. ಸಮೀಕರಣ ಯಾವ ಭಾಷೆಯಲ್ಲೂ ಒಂದೇ, ಆದರೆ ಅದನ್ನು ಹಾಗೆ ಬರೆದದ್ದು ಯಾಕೆ ಎಂದು ಮಗು ಕೇಳುವುದು ಮನೆಮಾತಿನಲ್ಲಿ. ಉತ್ತರ ಬರಬೇಕಾದದ್ದೂ ಅದೇ ಮಾತಿನಲ್ಲಿ. ಹತ್ತನೇ ತರಗತಿಯ ನಂತರ ಇಂಗ್ಲಿಷಿಗೋ ತೆಲುಗಿಗೋ ಹೋಗುವ ಮಗುವಿಗೂ, ಅಷ್ಟರೊಳಗೆ ಒಮ್ಮೆಯಾದರೂ ಕನ್ನಡದಲ್ಲಿ ಪೂರ್ತಿ ಅರ್ಥವಾಗಿದ್ದರೆ, ಮುಂದಿನ ಭಾಷೆ ಹೊರೆಯಾಗುವುದಿಲ್ಲ. ಅದಕ್ಕಾಗಿಯೇ ಕನ್ನಡ ಮಾಧ್ಯಮದ ಗಣಿತ ಸ್ಕೂಲ್ ಅಸಿಸ್ಟೆಂಟ್ ಹುದ್ದೆ ಒಂದು ವರ್ಷ ಖಾಲಿ ಬಿದ್ದರೂ ಅದು ದೊಡ್ಡ ನಷ್ಟ. ಶಿಕ್ಷಕರ ನೇಮಕಾತಿಯ ಡಿಎಸ್‌ಸಿ ಬರುವವರೆಗೆ ಕಾಯಿರಿ ಎಂದು ಎಂಟನೇ ತರಗತಿಯ ಮಗುವಿಗೆ ಹೇಳಲಾಗದು. ಅದು ಕಾಯುವಷ್ಟರಲ್ಲಿ ಹತ್ತು ಮುಗಿದಿರುತ್ತದೆ. ಆಂಧ್ರ ಸರ್ಕಾರ ಹುದ್ದೆ ತುಂಬಬೇಕು, ಕರ್ನಾಟಕದ ಗಡಿ ಅಭಿವೃದ್ಧಿಗೆ ಮೀಸಲಾದ ಹಣದಲ್ಲಿ ಒಂದು ಪಾಲು ಕಟ್ಟಡ, ಉತ್ಸವಗಳಿಂದ ತಿರುಗಿ ಈ ಶಿಕ್ಷಕರ ತರಬೇತಿಗೆ, ಕನ್ನಡದಲ್ಲಿ ಒಳ್ಳೆಯ ಗಣಿತ ಪುಸ್ತಕಗಳಿಗೆ ಹೋಗಬೇಕು.

ಪರೀಕ್ಷೆಯನ್ನೂ ಸ್ವಲ್ಪ ತಿದ್ದಬೇಕು. ಮುಂದಿನ ಪಬ್ಲಿಕ್ ಪರೀಕ್ಷೆಯ ಗಣಿತ ಪತ್ರಿಕೆಯಲ್ಲಿ ಹೀಗೊಂದು ಪ್ರಶ್ನೆ ಇರಲಿ: ಮೇಲೆ 12 ಮೀಟರ್ ಚೌಕ, ತಳದಲ್ಲಿ 6 ಮೀಟರ್ ಚೌಕ, 3 ಮೀಟರ್ ಆಳದ ಹೊಂಡವನ್ನು ಕೂಲಿಕಾರರು ತೋಡಿದ್ದಾರೆ, ಅಳೆದವರು 243 ಘನಮೀಟರ್ ಎಂದು ಬರೆದಿದ್ದಾರೆ, ಅವರ ಲೆಕ್ಕ ಸರಿಯೇ, ತಪ್ಪಾದರೆ ಎಲ್ಲಿ ತಪ್ಪಿದೆ, ನಷ್ಟ ಯಾರಿಗೆ, ಎಷ್ಟು? ಉತ್ತರದ ಸಂಖ್ಯೆಗೆ ಎರಡು ಅಂಕ, ತಪ್ಪು ಎಲ್ಲಿದೆ ಎಂದು ಕಾರಣ ಸಹಿತ ತೋರಿಸಿದ್ದಕ್ಕೆ ಆರು ಅಂಕ.